ಆಫ್ರಿಕಾದ ಚಾರಿಟಿ ರೈಡ್‌ಗೆ ತಯಾರಿ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಣ್ಣಲ್ಲೇ ಶುರು ಮಾಡಬಹುದಾ?

ಮಲಪ್ರಭಾ ದಂಡೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಒಂದು ಆಸೆ ಇದೆ. ದಕ್ಷಿಣ ಆಫ್ರಿಕಾ, ಲೆಸೊಥೊ ಕಡೆ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸಿ, ಅದರ ಮೂಲಕ ಒಳ್ಳೆ ಕೆಲಸಕ್ಕೆ ದುಡ್ಡು ಕೂಡಿಸುವ ರೈಡ್‌ಗಳು ಇವೆಯಲ್ಲ, ಅಂಥದ್ದೊಂದಕ್ಕೆ ಹೋಗಬೇಕು. 2008ರಲ್ಲಿ ಬ್ರಿಟನ್‌ನ ರಾಜಕುಮಾರರಾದ ವಿಲಿಯಂ, ಹ್ಯಾರಿ ಇಬ್ಬರೂ 'ಎಂಡ್ಯೂರೋ ಆಫ್ರಿಕಾ' ರೈಡ್‌ಗೆ ಹೋಗಿದ್ದರು. ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್‌ನಲ್ಲಿ ಎಂಟು ದಿನ, ಸುಮಾರು 1,600 ಕಿ.ಮೀ. ಕೂಡಿದ ದುಡ್ಡು ಯುನಿಸೆಫ್, ನೆಲ್ಸನ್ ಮಂಡೇಲಾ ಮಕ್ಕಳ ನಿಧಿ ಮತ್ತು ಹ್ಯಾರಿಯವರು ಲೆಸೊಥೊದ ರಾಜಕುಮಾರ ಸೀಯಿಸೊ ಜೊತೆ ಸೇರಿ ಕಟ್ಟಿದ ಸೆಂಟೆಬಾಲೆ ಸಂಸ್ಥೆಗೆ ಹೋಯಿತು. ಅದನ್ನು ಓದಿದಾಗಿನಿಂದ ಈ ವಿಚಾರ ಬಿಟ್ಟುಹೋಗಿಲ್ಲ.

ನನ್ನ ಹತ್ತಿರ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಬೈಕ್ ಇದೆ. ಟಾರು ರಸ್ತೆಯಲ್ಲಿ ಚೆನ್ನಾಗಿ ಓಡಿಸುತ್ತೇನೆ. ಮಣ್ಣಲ್ಲಿ ಅನುಭವ ಕಡಿಮೆ. ಕೇಳಬೇಕಾದ್ದು ಇಷ್ಟು. ನಮ್ಮ ಮೂರು ಜಿಲ್ಲೆಗಳಲ್ಲಿ ಎಲ್ಲಿ, ಹೇಗೆ ಕಲಿಯಬೇಕು? ದೊಡ್ಡ ಬೈಕ್ ಬೇಕಾ? ಹೊರದೇಶದ ಚಾರಿಟಿ ಟೂರ್‌ಗಳಲ್ಲಿ ಯಾವುದು ಒಳ್ಳೇದು ಅಂತ ತಿಳಿಯೋದು ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಉದ್ಯಮಬಾಗ ಗ್ಯಾರೇಜ್ (ಬೆಳಗಾವಿ)

ಬೈಕ್ ಬದಲಿಸಬೇಡಿ. ನೀವು ಹೇಳಿದ ಆ ರೈಡ್‌ನಲ್ಲಿ ಓಡಿದ್ದು ಹೋಂಡಾ ಸಿಆರ್‌ಎಫ್ 230. 223 ಸಿಸಿ, ಏರ್ ಕೂಲ್ಡ್, ಸಾದಾ ಎಂಜಿನ್. ನಿಮ್ಮದು 199.6 ಸಿಸಿ. ಎಂಜಿನ್‌ನಲ್ಲಿ ಅಂಥ ದೊಡ್ಡ ಅಂತರ ಏನಿಲ್ಲ. ಅಂತರ ಇರೋದು ತೂಕದಲ್ಲಿ. ಆ ಹೋಂಡಾ ನಿಮ್ಮ ಬೈಕಿಗಿಂತ ಸುಮಾರು 40 ಕೆಜಿ ಹಗುರ. ನಿಮ್ಮದು 158 ಕೆಜಿ ಆಸುಪಾಸು. ಹಿಮಾಲಯನ್ 450 ತೊಗೊಂಡರೆ 196 ಕೆಜಿ. ಹೈವೇಗೆ ಅದು ರಾಜ. ಆದರೆ ಹಳ್ಳದಲ್ಲಿ ಬಿದ್ದ ಬೈಕನ್ನು ಮಧ್ಯಾಹ್ನದ ಬಿಸಿಲಲ್ಲಿ ಒಬ್ಬರೇ ಎತ್ತಬೇಕಾದಾಗ ಆ 38 ಕೆಜಿ ಏನು ಅಂತ ಗೊತ್ತಾಗುತ್ತೆ. ಕಲಿಯುವವರಿಗೆ ಹಗುರ ಬೈಕೇ ಗುರು.

ಮುಂದೆ 21 ಇಂಚು, ಹಿಂದೆ 18 ಇಂಚು ಚಕ್ರ, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಕಲಿಯೋಕೆ ಇದಕ್ಕಿಂತ ಜಾಸ್ತಿ ಏನೂ ಬೇಡ. ದುಡ್ಡು ಇದ್ದರೆ ಇವಕ್ಕೆ ಹಾಕಿ: ಗಟ್ಟಿ ಬ್ಯಾಷ್ ಪ್ಲೇಟ್ (ಎಂಜಿನ್ ಕೆಳಗೆ ಹಾಕುವ ರಕ್ಷಣೆ ತಗಡು), ಹ್ಯಾಂಡ್ ಗಾರ್ಡ್, ಅಗಲವಾದ ಫುಟ್‌ಪೆಗ್. ಸೈಲೆನ್ಸರ್ ಮಾತ್ರ ಮುಟ್ಟಬೇಡಿ. ಜೋರು ಸದ್ದಿನ ಬೈಕು ಊರೊಳಗೆ ಬಂದರೆ ದನ ಬೆದರುತ್ತವೆ, ಮುಂದಿನ ಸಲ ಆ ಊರಿನ ದಾರಿ ನಿಮಗೆ ಬಂದ್.

ಗಾಳಿ ವಿಷಯ. ಮಣ್ಣಿಗೆ ಇಳಿದಾಗ 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೈರು ಹಿಡಿತ ಕೊಡುತ್ತೆ. ಕಲ್ಲು ಜಾಸ್ತಿ ಇರುವ ಕಡೆ ಅಷ್ಟು ಇಳಿಸಬೇಡಿ. ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬು ಸಿಕ್ಕಿ ಒಟ್ಟಿಗೆ ಎರಡು ತೂತು ಬೀಳುತ್ತೆ. ವಾಪಸ್ ಟಾರಿಗೆ ಬಂದ ಕೂಡಲೇ ಗಾಳಿ ತುಂಬಬೇಕು. ಅದಕ್ಕೆ ಸಣ್ಣ ಪಂಪು ಸೀಟಿನ ಹಿಂದೆ ಇರಲಿ.

ಕರಿಮಣ್ಣು (ವಿಜಯಪುರ)

ನಮ್ಮ ಮೂರು ಜಿಲ್ಲೆಗಳನ್ನು ಒಂದೇ ತರಹ ನೋಡಬೇಡಿ. ಮಣ್ಣು ಬೇರೆ, ಸವಾರಿ ಬೇರೆ. ಇದು ನಮ್ಮ ಪುಣ್ಯ. ಒಂದು ದಿನದ ದೂರದಲ್ಲಿ ಮೂರು ಬಗೆಯ ನೆಲ ಸಿಗುತ್ತೆ.

ಪಶ್ಚಿಮಕ್ಕೆ ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು. ಮಳೆ ವಿಪರೀತ. ಕಲ್ಲಿನ ಮೇಲೆ ಪಾಚಿ ಕಟ್ಟಿರುತ್ತೆ. ಅಲ್ಲಿ ಬ್ರೇಕಿನ ಮೇಲೆ ನಾಜೂಕಾದ ಬೆರಳು ಬೇಕು. ನಡುವೆ ಬಾದಾಮಿ, ಐಹೊಳೆ, ಗುಳೇದಗುಡ್ಡ ಕಡೆ ಮರಳುಗಲ್ಲು. ಹಳ್ಳಗಳಲ್ಲಿ ಉಸುಕು. ಪೂರ್ವಕ್ಕೆ ನಮ್ಮ ವಿಜಯಪುರದ ಎರಿ ಭೂಮಿ, ಅಂದರೆ ಕರಿಮಣ್ಣು.

ಎರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಹೊರಗಿನಿಂದ ಬಂದವರು ಇದನ್ನು ಹಗುರವಾಗಿ ತೊಗೊಳ್ಳುತ್ತಾರೆ. ಈ ಮಣ್ಣಿನಲ್ಲಿ ಜೇಡಿ ಅಂಶ ಜಾಸ್ತಿ. ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಕುಗ್ಗಿ ಬಿರಿಯುತ್ತೆ. ಮಳೆ ಬಂದಾಗ ಟೈರಿಗೆ ಅಂಟಿದ್ದು ಬಿಡೋದೇ ಇಲ್ಲ. ಚಕ್ರ ಒಂದೊಂದು ಸುತ್ತು ಹಾಕಿದಾಗಲೂ ಇನ್ನೊಂದು ಪದರ. ಸ್ವಲ್ಪ ಹೊತ್ತಿಗೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮೆತ್ತಿಕೊಂಡು ಚಕ್ರವೇ ನಿಲ್ಲುತ್ತೆ. ಆಮೇಲೆ ಕ್ಲಚ್ ಸುಟ್ಟರೂ ಬೈಕು ಅಲುಗಲ್ಲ. ಹಳೆ ಹಿಮಾಲಯನ್ 411 ಇದ್ದವರಿಗೆ ಕೆಳಗಿನ ಮಡ್‌ಗಾರ್ಡ್‌ನದೇ ತೊಂದರೆ, ಬಿಚ್ಚಿ ಇಡುವವರೂ ಇದ್ದಾರೆ. ಎಕ್ಸ್‌ಪಲ್ಸ್‌ನಲ್ಲಿ ಮಡ್‌ಗಾರ್ಡ್ ಮೇಲಿದೆ, ಅಷ್ಟರ ಮಟ್ಟಿಗೆ ವಾಸಿ. ಆದರೂ ಮಳೆ ಬಿದ್ದ ಮೇಲೆ ಎರಿಗೆ ಇಳಿಯಲೇಬಾರದು. ಮೇಲ್ಪದರ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತೆ. ಅಂಥ ದಿನ ಗರಸಿನ (ಜಲ್ಲಿಮಣ್ಣಿನ) ದಾರಿ, ಮರಡಿ (ಕಲ್ಲು ದಿಬ್ಬದ) ಜಾಗ ಹುಡುಕಿ.

ಬೇಸಿಗೆಯಲ್ಲಿ ಇನ್ನೊಂದು ಅಪಾಯ. ಬಿರುಕು. ಏಪ್ರಿಲ್, ಮೇನಲ್ಲಿ ಹೊಲದ ಬಿರುಕಿಗೆ ಮುಂದಿನ ಚಕ್ರ ಸಿಕ್ಕರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುತ್ತೆ. ಬಿರುಕಿನ ಉದ್ದಕ್ಕೆ ಓಡಿಸಬೇಡಿ, ಅಡ್ಡ ದಾಟಿ. ಬಂಡಿ ದಾರಿಯ ಜಾಡಿಗೂ ಇದೇ ಮಾತು. ಆದರೆ ಒಮ್ಮೆ ಜಾಡಿನೊಳಗೆ ಇಳಿದುಬಿಟ್ಟರೆ ಸುಮ್ನೆ ಅದರಲ್ಲೇ ಹೋಗಿ, ನೋಟ ದೂರಕ್ಕೆ ಇರಲಿ. ಮುಂದಿನ ಚಕ್ರ ನೋಡುತ್ತಾ ಓಡಿಸಿದವರು ಅಲ್ಲೇ ಬೀಳುತ್ತಾರೆ.

ಖಾನಾಪುರ ಸವಾರ

ಕರಿಮಣ್ಣು ಅಣ್ಣಾರು ಪಶ್ಚಿಮದ ಮಾತು ತೆಗೆದರು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಭೀಮಗಡ ಅಭಯಾರಣ್ಯದ ಒಳಗೆ ಟ್ರೇಲ್ ಹುಡುಕಬೇಡಿ. 2011ರಲ್ಲಿ ಅಭಯಾರಣ್ಯ ಅಂತ ಘೋಷಣೆ ಆದ ಕಾಡು ಅದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗೋದೇ ಅಪರಾಧ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ಸ್ ಬಾವಲಿ ಅಂತ ಜಗತ್ತಿನಲ್ಲಿ ಬಹಳ ಅಪರೂಪದ ಜೀವ ಇದೆ. ನಮ್ಮ ಎಂಜಿನ್ ಸದ್ದು ಅದರ ಮನೆ ಬಾಗಿಲಿಗೆ ಹೋಗಬಾರದು.

ಮೀಸಲು ಅರಣ್ಯಕ್ಕೂ ಇದೇ ಮಾತು. ಮ್ಯಾಪಿನಲ್ಲಿ ಗೆರೆ ಕಂಡಿತು ಅಂದ ಮಾತ್ರಕ್ಕೆ ಅದು ನಮ್ಮ ದಾರಿ ಅಲ್ಲ. ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೆ ಊರಿಂದ ಊರಿಗೆ ಹೋಗುವ ಹಳೆ ರಸ್ತೆಗಳು ಇವೆ. ಅವು ಸಾಕು. ಕಲ್ಲು, ಕೆಸರು, ಏರು, ಇಳಿಜಾರು ಎಲ್ಲಾ ಅವುಗಳಲ್ಲೇ ಸಿಗುತ್ತೆ.

ಡೋಣಿ ದಂಡೆ ರೈತ

ನಾನು ಬೈಕ್ ಸವಾರ ಅಲ್ಲ. ಮಗ ತೋರಿಸಿದ, ಅದಕ್ಕೆ ಬರೆಯುತ್ತಿದ್ದೇನೆ.

ಹೋದ ಹಿಂಗಾರಿಯಲ್ಲಿ ನಮ್ಮ ಕಡಲೆ ಹೊಲದಲ್ಲಿ ಒಂದು ಗುಂಪು ಬೈಕು ಹಾಯಿಸಿಕೊಂಡು ಹೋಯಿತು. ಗಿಡ ಗೇಣುದ್ದ ಇತ್ತು. ಅವರ ಕಣ್ಣಿಗೆ ಖಾಲಿ ಬಯಲು ಅಂತ ಕಂಡಿರಬೇಕು. ಬೆಳೆ ಹೋಗಿದ್ದು ಒಂದು ಕಡೆ. ಅದಕ್ಕಿಂತ ದೊಡ್ಡ ನಷ್ಟ ಒಡ್ಡು ಒಡೆದದ್ದು. ಎರಿ ಹೊಲಕ್ಕೆ ಒಡ್ಡೇ ಜೀವ. ಬಿದ್ದ ಮಳೆಯನ್ನು ಹೊಲದಲ್ಲಿ ಹಿಡಿದಿಡೋದು ಅದು. ಚಕ್ರ ಹತ್ತಿ ಇಳಿದ ಜಾಗದಲ್ಲಿ ಸಣ್ಣ ಸಂದು ಬಿದ್ದರೆ ಮುಂದಿನ ದೊಡ್ಡ ಮಳೆಗೆ ಅದೇ ಕೊರಕಲು ಆಗುತ್ತೆ, ಮಣ್ಣು ಹಳ್ಳದ ಪಾಲು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ಈ ಮಣ್ಣಿನ ಮೇಲೆ. ಆ ಮಣ್ಣು ಹೋದರೆ ನಮ್ಮ ಹತ್ತಿರ ಏನು ಉಳಿಯುತ್ತೆ?

ನಿಮ್ಮ ಹುಡುಗರಿಗೆ ಆಟ ಬೇಡ ಅನ್ನಲ್ಲ. ಕೇಳಿ ಬನ್ನಿ. ಹೊಲದ ದಾರಿ ಅಂದರೆ ಹೊಲಕ್ಕೆ ಹೋಗುವ ದಾರಿ, ಹೊಲದೊಳಗಿನ ದಾರಿ ಅಲ್ಲ.

ಮಲಪ್ರಭಾ ದಂಡೆ (ಬೆಳಗಾವಿ)

ಕಾಕಾ, ನೀವು ಬರೆದದ್ದು ಒಳ್ಳೇದಾಯಿತು. ಇದು ನಾವೆಲ್ಲ ಕೇಳಬೇಕಾದ ಮಾತು. ಒಂದು ಪ್ರಶ್ನೆ. ವರ್ಷದಲ್ಲಿ ಯಾವ ತಿಂಗಳು ಬಂದರೆ ನಿಮಗೆ ತೊಂದರೆ ಕಡಿಮೆ?

ಡೋಣಿ ದಂಡೆ ರೈತ

ತಮ್ಮಾ, ಮುಂಗಾರಿ ತೊಗರಿ ಜೂನ್, ಜುಲೈನಲ್ಲಿ ಬಿತ್ತುತ್ತೇವೆ, ರಾಶಿ ಆಗೋದು ಡಿಸೆಂಬರ್, ಜನವರಿ. ಬಿಳಿಜೋಳ, ಕಡಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿ ಜನವರಿಯಿಂದ ಮಾರ್ಚ್ ಒಳಗೆ ತೆಗೆಯುತ್ತೇವೆ. ಮಾರ್ಚ್ ಆದಮೇಲೆ ಹೊಲ ಖಾಲಿ. ಆಗ ಕೇಳಿದರೆ ಯಾರೂ ಬೇಡ ಅನ್ನಲ್ಲ. ಆದರೆ ಆಗ ಕಣಕಿ ಬಣವಿ ಇರುತ್ತೆ, ದನದ ವರ್ಷದ ಮೇವು. ಬಿಸಿ ಸೈಲೆನ್ಸರ್ ಒಣ ಕಣಕಿಗೆ ತಾಗಿದರೆ ಬೆಂಕಿ. ಬಣವಿ ಹತ್ತಿರ ಬೈಕು ನಿಲ್ಲಿಸಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ.

ಬಾದಾಮಿ ಬಂಡೆ (ಬಾಗಲಕೋಟೆ)

ಕಾಕಾ ಹೇಳಿದ ಮಾತಿಗೆ ಕಬ್ಬಿನ ಕಡೆಯದೂ ಒಂದು ಸೇರಿಸುತ್ತೇನೆ. ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ, ಅಂದರೆ ಹೆಚ್ಚೂ ಕಡಿಮೆ ನವೆಂಬರ್‌ನಿಂದ ಫೆಬ್ರವರಿ ತನಕ, ಹೊಲದ ದಾರಿಗಳಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಬರುತ್ತವೆ. ತಿರುವಿನಲ್ಲಿ ಅವು ಕಾಣಲ್ಲ, ಅವರಿಗೆ ನಾವೂ ಕಾಣಲ್ಲ. ದಾರಿ ಅವರದು. ನಿಂತು ಬಿಟ್ಟುಕೊಡಿ.

ಇನ್ನು ನಮ್ಮ ಕಡೆಯ ಕಲಿಕೆ. ಆಫ್ರಿಕಾಕ್ಕೆ ಹೋಗುವವರು ಉಸುಕಿನಲ್ಲಿ ಓಡಿಸೋದು ಕಲಿಯಲೇಬೇಕು. ಬೇಸಿಗೆಯಲ್ಲಿ ಒಣಗಿದ ಹಳ್ಳದ ಉಸುಕು ಒಳ್ಳೆ ಪಾಠಶಾಲೆ. ನಿಂತುಕೊಳ್ಳಿ. ತೂಕ ಸ್ವಲ್ಪ ಹಿಂದಕ್ಕೆ. ಮೊಣಕಾಲಿಂದ ಟ್ಯಾಂಕ್ ಹಿಡಿಯಿರಿ, ಕೈ ಸಡಿಲ ಬಿಡಿ. ಹ್ಯಾಂಡಲ್ ಅತ್ತಿತ್ತ ಆಡುತ್ತೆ, ಆಡಲಿ. ಹೆದರಿ ಥ್ರಾಟಲ್ ಮುಚ್ಚಿದರೆ ಮುಂದಿನ ಚಕ್ರ ಹೂತು ಬೀಳುತ್ತೀರಿ. ಸಣ್ಣಗೆ ಎಳೆತ ಇರಲೇಬೇಕು. ಇದು ಮೈಗೆ ಹತ್ತೋಕೆ ಕೆಲವು ವಾರ ಬೇಕು. ಆಮೇಲೆ ಸಿಗುವ ಖುಷಿ ಇದೆಯಲ್ಲ, ಅದಕ್ಕಾಗಿಯೇ ನಾನು ಈ ಹುಚ್ಚು ಹಿಡಿಸಿಕೊಂಡದ್ದು.

ಒಣ ಮರಳುಗಲ್ಲಿನ ಬಂಡೆ ಟೈರಿಗೆ ಬಹಳ ಒಳ್ಳೆ ಹಿಡಿತ ಕೊಡುತ್ತೆ. ಆದರೆ ದಯವಿಟ್ಟು ಗುಡಿ, ಗುಹೆ ಇರುವ ಗುಡ್ಡಗಳ ಮೇಲೆ ಹತ್ತಬೇಡಿ. ಐಹೊಳೆಯ ಮೇಗುತಿ ಗುಡ್ಡ ಬರೀ ಗುಡಿಯ ಜಾಗ ಅಲ್ಲ. ಗುಡಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ ಇದೆ, ಹತ್ತಿರದಲ್ಲೇ ಅದಕ್ಕಿಂತ ಬಹಳ ಹಳೆಯ ಕಲ್ಲಿನ ಸಮಾಧಿಗಳು ಇವೆ. ನೋಡಿದವರಿಗೆ ಚಪ್ಪಡಿ ಕಲ್ಲು ಅಷ್ಟೇ. ಚಕ್ರ ಹತ್ತಿದರೆ ಸಾವಿರಾರು ವರ್ಷದ್ದು ಒಂದು ಕ್ಷಣದಲ್ಲಿ ಹೋಗುತ್ತೆ. ಬೈಕು ಕೆಳಗೆ ನಿಲ್ಲಿಸಿ ನಡೆದು ಹತ್ತಿ. ಹಾಗೇ ಬೀಳಗಿ, ಮುಧೋಳ ಕಡೆ ಹೋದರೆ ಯಡಹಳ್ಳಿ ಚಿಂಕಾರ ವನ್ಯಧಾಮದ ಗಡಿ ತಿಳಿದುಕೊಂಡು ಹೋಗಿ. ಕುರುಚಲು ಬಯಲು ಅಂತ ನುಗ್ಗುವವರು ಇದ್ದಾರೆ. ಆ ಕುರುಚಲೇ ಚಿಂಕಾರದ ಮನೆ.

ಇಳಕಲ್ಲಿನ ಅಕ್ಕ

ಇಲ್ಲಿ ಎಲ್ಲರೂ ಎತ್ತರದ ಗಂಡಸರು ಅಂದುಕೊಂಡು ಬರೆಯುತ್ತಿದ್ದೀರಿ. ಎಕ್ಸ್‌ಪಲ್ಸ್ ಸೀಟು 825 ಮಿ.ಮೀ. ನನ್ನ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಸಿಗಲ್ಲ. ಆದರೂ ಓಡಿಸುತ್ತೇನೆ. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನಿಲ್ಲುವ ಮೊದಲು ಯಾವ ಕಡೆ ನೆಲ ಎತ್ತರ ಇದೆ ನೋಡಿ, ಆ ಕಡೆ ಕಾಲು ಕೊಡಿ. ಸೀಟಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದರೆ ಒಂದು ಕಾಲು ಪೂರ್ತಿ ಊರುತ್ತೆ. ಬೈಕು ವಾಲಿ ಬೀಳುತ್ತಿದೆ ಅನ್ನಿಸಿದರೆ ಬಿಟ್ಟುಬಿಡಿ. ಹಿಡಿದು ನಿಲ್ಲಿಸೋಕೆ ಹೋದರೆ ಸೊಂಟ, ಕಾಲು ಹೋಗುತ್ತೆ.

ಎತ್ತೋದಕ್ಕೆ ತೋಳಿನ ಬಲ ಬೇಡ. ಮೊದಲು ಎಂಜಿನ್ ಬಂದ್ ಮಾಡಿ, ಗೇರಿನಲ್ಲಿ ಇಡಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆ ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ, ಇಲ್ಲಾಂದರೆ ಎತ್ತಿದ ಬೈಕು ಆ ಕಡೆ ಉರುಳುತ್ತೆ. ಹ್ಯಾಂಡಲ್ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈ ಹ್ಯಾಂಡಲ್‌ಗೆ, ಇನ್ನೊಂದು ಕೈ ಸೀಟಿನ ಕೆಳಗಿನ ಚೌಕಟ್ಟಿಗೆ. ಬೆನ್ನು ನೇರ ಇಟ್ಟು ಕಾಲಿನ ಬಲದಿಂದ ಹಿಂದಕ್ಕೆ ಸಣ್ಣ ಹೆಜ್ಜೆ ಇಡುತ್ತಾ ಏಳಿ. ಮೆತ್ತನೆ ನೆಲದ ಮೇಲೆ ಬೈಕು ಮಲಗಿಸಿ ಇದನ್ನೇ ಅಭ್ಯಾಸ ಮಾಡಿ. ಬೇರೆ ಯಾವ ಕಸರತ್ತಿಗಿಂತ ಮೊದಲು ಕಲಿಯಬೇಕಾದ್ದು ಇದು.

ರೈಡಿಂಗ್ ಗೇರ್, ಅಂದರೆ ಮೈ ಕಾಯುವ ಉಡುಪಿನ ವಿಷಯದಲ್ಲಿ ಒಂದೇ ಮಾತು. ದುಡ್ಡು ಕಡಿಮೆ ಇದ್ದರೆ ಮೊದಲು ಹೆಲ್ಮೆಟ್, ಆಮೇಲೆ ಬೂಟು. ಕಣಕಾಲಿನ ಮೇಲೆ ಬೈಕು ಬೀಳೋದು ಬಹಳ ಸಾಮಾನ್ಯ. ಜಾಕೆಟ್ ಚೆಂದ ಕಾಣುತ್ತೆ ಅಂತ ಅದನ್ನು ಮೊದಲು ಕೊಳ್ಳುವವರೇ ಜಾಸ್ತಿ. ಬೂಟು ಇಲ್ಲದೆ ಮಣ್ಣಿಗೆ ಇಳಿಯಬೇಡಿ.

ಹೊಸ ಸವಾರ (ಗೋಕಾಕ)

ಅಕ್ಕಾರೇ, ನಿಂತು ಓಡಿಸಿದರೆ ಸ್ವಲ್ಪ ಹೊತ್ತಿಗೇ ಕೈ, ಭುಜ ನೋಯುತ್ತೆ. ಎಲ್ಲರಿಗೂ ಹೀಗೇನಾ?

ಇಳಕಲ್ಲಿನ ಅಕ್ಕ

ಕೈಯಿಂದ ಜೋತುಬಿದ್ದಿದ್ದರೆ ನೋಯುತ್ತೆ ತಮ್ಮಾ. ಹಿಡಿತ ಮೊಣಕಾಲಲ್ಲಿ ಇರಬೇಕು. ಹ್ಯಾಂಡಲ್ ತಗ್ಗಾಗಿದ್ದರೂ ಬಾಗಬೇಕಾಗುತ್ತೆ, ಹ್ಯಾಂಡಲ್ ಎತ್ತರಿಸುವ ಒಂದು ರೈಸರ್ ಹಾಕಿಸಿ ನೋಡಿ. ಬ್ರೇಕ್, ಕ್ಲಚ್ ಲಿವರ್‌ಗಳನ್ನೂ ಸ್ವಲ್ಪ ಕೆಳಕ್ಕೆ ತಿರುಗಿಸಿ, ನಿಂತಾಗ ಮಣಿಕಟ್ಟು ನೇರ ಇರಬೇಕು.

ಆಸ್ಪತ್ರೆ ಡ್ಯೂಟಿ (ಬಾಗಲಕೋಟೆ)

ನಾನು ಔಷಧಿ ವಿಭಾಗದಲ್ಲಿ ಕೆಲಸ ಮಾಡುವವನು, ರಜೆ ದಿನ ಬೈಕು. ಮೂಲ ಪ್ರಶ್ನೆಯ ಚಾರಿಟಿ ಭಾಗಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಬಹಳ ಹತ್ತಿರದ ವಿಷಯ ಇದು, ಸ್ವಲ್ಪ ಉದ್ದ ಆಗುತ್ತೆ.

ರೈಡರ್ಸ್ ಫಾರ್ ಹೆಲ್ತ್ ಅಂತ ಒಂದು ಸಂಸ್ಥೆ. ಬ್ರಿಟನ್‌ನ ಬ್ಯಾರಿ ಕೋಲ್ಮನ್, ಆಂಡ್ರಿಯಾ ಕೋಲ್ಮನ್ ದಂಪತಿ ಮತ್ತು ಅಮೆರಿಕದ ಗ್ರ್ಯಾಂಡ್ ಪ್ರೀ ಸವಾರ ರ‍್ಯಾಂಡಿ ಮಮೋಲಾ ಸೇರಿ ಕಟ್ಟಿದ್ದು. 1980ರ ದಶಕದಲ್ಲಿ ಮಮೋಲಾ ಮಕ್ಕಳ ಕಲ್ಯಾಣಕ್ಕೆ ರೇಸ್ ಮೈದಾನಗಳಲ್ಲಿ ದುಡ್ಡು ಎತ್ತುತ್ತಿದ್ದರು. ಆ ದುಡ್ಡು ಏನಾಗುತ್ತಿದೆ ನೋಡೋಕೆ ಸೊಮಾಲಿಯಾಕ್ಕೆ ಹೋದಾಗ ಕಂಡದ್ದು ಸಾಲಾಗಿ ಕೆಟ್ಟು ನಿಂತ ವಾಹನಗಳು. ಆರೋಗ್ಯ ಸಿಬ್ಬಂದಿಗೆ ಅಂತ ಕೊಟ್ಟ ಬೈಕುಗಳು. ಬಹಳಷ್ಟು ಕೆಟ್ಟಿದ್ದು ಸಣ್ಣ ಕಾರಣಕ್ಕೆ. ಎಣ್ಣೆ ಬದಲಿಸಿರಲಿಲ್ಲ, ಚೈನ್ ನೋಡಿರಲಿಲ್ಲ, ಬಿಡಿಭಾಗ ಬಂದಿರಲಿಲ್ಲ. ಬೈಕು ಕೊಡುವವರು ಬಹಳ ಜನ ಇದ್ದರು, ಅದನ್ನು ನೋಡಿಕೊಳ್ಳುವ ವ್ಯವಸ್ಥೆ ಯಾರೂ ಕೊಟ್ಟಿರಲಿಲ್ಲ.

ಅವರು ಅದನ್ನೇ ಕೆಲಸ ಮಾಡಿಕೊಂಡರು. ಆರೋಗ್ಯ ಕಾರ್ಯಕರ್ತರಿಗೆ ಮಣ್ಣಿನ ದಾರಿಯಲ್ಲಿ ಓಡಿಸೋದು ಕಲಿಸಿದರು. ದಿನಾ ಬೆಳಿಗ್ಗೆ ಬೈಕು ತಾವೇ ಪರೀಕ್ಷೆ ಮಾಡೋದು ಕಲಿಸಿದರು. ಕೆಟ್ಟ ಮೇಲೆ ರಿಪೇರಿ ಅಲ್ಲ, ಕೆಡುವ ಮುಂಚೆಯೇ ಬಿಡಿಭಾಗ ಬದಲಿಸುವ ಪದ್ಧತಿ ತಂದರು. ಲೆಸೊಥೊ, ಗ್ಯಾಂಬಿಯಾ, ಜಿಂಬಾಬ್ವೆ ಇಂಥ ದೇಶಗಳಲ್ಲಿ ಕೆಲಸ ಮಾಡಿದರು. ಲೆಸೊಥೊ ಪೂರ್ತಿ ಬೆಟ್ಟದ ದೇಶ. ಅದರ ಅತಿ ತಗ್ಗಿನ ಜಾಗವೇ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹಳ್ಳಿ ದವಾಖಾನೆಯಿಂದ ರಕ್ತ, ಕಫದ ಮಾದರಿ ಪ್ರಯೋಗಾಲಯಕ್ಕೆ ತಲುಪೋದು, ರಿಪೋರ್ಟ್ ವಾಪಸ್ ಬರೋದು ಬೈಕಿನ ಮೇಲೆ. ಕ್ಷಯ, ಎಚ್‌ಐವಿ ಇರುವವರಿಗೆ ರಿಪೋರ್ಟ್ ಒಂದು ವಾರ ಮುಂಚೆ ಬಂದರೆ ಔಷಧಿ ಒಂದು ವಾರ ಮುಂಚೆ ಶುರು. ಇದು ನನ್ನ ಕಸುಬಿನ ವಿಷಯ, ಅದರ ಬೆಲೆ ಎಷ್ಟು ಅಂತ ನನಗೆ ಗೊತ್ತು.

ಆದ್ದರಿಂದ ಯಾವುದೇ ಚಾರಿಟಿ ಟೂರ್ ನೋಡುವಾಗ ನಾನು ಕೇಳುವ ಪ್ರಶ್ನೆಗಳು ಹೀಗಿವೆ. ನೀವು ಕಟ್ಟುವ ಹಣದಲ್ಲಿ ಪ್ರವಾಸದ ಖರ್ಚು ಎಷ್ಟು, ದಾನ ಎಷ್ಟು, ಬೇರೆ ಬೇರೆ ತೋರಿಸುತ್ತಾರಾ? ದುಡ್ಡು ಯಾವ ಸಂಸ್ಥೆಗೆ ಹೋಗುತ್ತೆ, ಆ ಸಂಸ್ಥೆ ಲೆಕ್ಕ ಪ್ರಕಟಿಸುತ್ತಾ? ಅಲ್ಲಿನ ಊರಿನವರು ಏನು ಬೇಕು ಅಂತ ಕೇಳಿದ್ದಾರೋ, ಅದನ್ನೇ ಕೊಡುತ್ತಿದ್ದಾರಾ? ಹಾಗೇ, ಬೈಕ್ ನಿಲ್ಲಿಸಿ ಮಕ್ಕಳಿಗೆ ಚಾಕಲೇಟ್ ಹಂಚುವ ಕಾರ್ಯಕ್ರಮ ಇದ್ದರೆ ನಾನು ದೂರ. ಮಕ್ಕಳು ಮುಂದಿನ ಬೈಕಿನ ಸದ್ದಿಗೆ ರಸ್ತೆಗೆ ಓಡಿಬರುತ್ತವೆ. ಅದು ಅಪಾಯ, ಮಕ್ಕಳಿಗೆ ಗೌರವವೂ ಅಲ್ಲ.

ಕಿತ್ತೂರು ಹುಡುಗ

ನನ್ನ ಮಾತು ಖಾರ ಅನ್ನಿಸಬಹುದು. ವಿಮಾನದ ಟಿಕೆಟ್, ವೀಸಾ, ಬೈಕ್ ಬಾಡಿಗೆ ಎಲ್ಲಾ ಸೇರಿದರೆ ಲಕ್ಷಗಟ್ಟಲೆ ಆಗುತ್ತೆ. ಅದೇ ದುಡ್ಡು ನೇರವಾಗಿ ಲೆಸೊಥೊದ ದವಾಖಾನೆಗೋ, ಇಲ್ಲಾ ನಮ್ಮದೇ ತಾಲೂಕಿನ ಆಸ್ಪತ್ರೆಗೋ ಕೊಟ್ಟರೆ ಜಾಸ್ತಿ ಉಪಯೋಗ ಅಲ್ವಾ?

ಆಸ್ಪತ್ರೆ ಡ್ಯೂಟಿ (ಬಾಗಲಕೋಟೆ)

ಪ್ರಶ್ನೆ ಸರಿಯಾಗಿದೆ. ನನ್ನ ಅಭಿಪ್ರಾಯ: ಪ್ರವಾಸದ ಖರ್ಚು ಸ್ವಂತ ದುಡ್ಡಿನಿಂದ ಆಗಬೇಕು. ಜನರಿಂದ ಎತ್ತಿದ ಒಂದು ರೂಪಾಯಿಯೂ ಸವಾರನ ಟಿಕೆಟ್‌ಗೆ ಹೋಗಬಾರದು. ಹಾಗಿದ್ದರೆ ಮಾತ್ರ ಅದನ್ನು ಚಾರಿಟಿ ರೈಡ್ ಅನ್ನಬಹುದು. ಇಲ್ಲಾಂದರೆ ಅದು ಪ್ರವಾಸ. ಪ್ರವಾಸ ತಪ್ಪಲ್ಲ, ಆದರೆ ಹಾಗೇ ಹೇಳಿ ಹೋಗಬೇಕು.

ಇನ್ನೊಂದು. ಈ ಕಲೆ ಇಲ್ಲೇ ಬೇಕಾದ ದಿನ ಬರುತ್ತೆ. 2019ರ ಆಗಸ್ಟ್ ನೆನಪಿದೆಯಲ್ಲ? ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಗೋಕಾಕ, ಮುಧೋಳ, ರಾಮದುರ್ಗ, ಬಾದಾಮಿ ತಾಲೂಕುಗಳ ಎಷ್ಟೋ ಊರು ನೀರಲ್ಲಿ. ನೀರು ಇಳಿದ ಮೇಲೆ ನಿಜವಾದ ಕಷ್ಟ ಶುರುವಾಯಿತು. ರಸ್ತೆ ಕೊಚ್ಚಿಹೋಗಿತ್ತು. ಮೊಣಕಾಲುದ್ದ ಕೆಸರು. ಪರಿಹಾರ ಕೇಂದ್ರಗಳಲ್ಲಿ ಸಕ್ಕರೆ ಕಾಯಿಲೆಯವರು, ಬಿಪಿ ಇರುವವರು ಮನೆಯಲ್ಲೇ ಗುಳಿಗೆ ಬಿಟ್ಟು ಬಂದಿದ್ದರು. ಜೀಪು ಹೋಗದ ಹೊಲದ ದಾರಿಗಳಲ್ಲಿ ಬೈಕಿನ ಮೇಲೆ ಔಷಧಿ ತಲುಪಿಸಿದ ಹುಡುಗರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ಸುಲಿನ್ ಐಸ್ ಪೆಟ್ಟಿಗೆಯಲ್ಲಿ ಇಟ್ಟು ಬೆನ್ನಿಗೆ ಕಟ್ಟಿಕೊಂಡು ಹೋದರು. ಹರಿಯುವ ನೀರಿಗೆ ಅವರಲ್ಲಿ ಯಾರೂ ಇಳಿಯಲಿಲ್ಲ. ಅದು ಸೈನ್ಯ, ಎನ್‌ಡಿಆರ್‌ಎಫ್ ದೋಣಿಗಳ ಕೆಲಸ ಅಂತ ಅವರಿಗೆ ತಿಳಿದಿತ್ತು.

ಉದ್ಯಮಬಾಗ ಗ್ಯಾರೇಜ್ (ಬೆಳಗಾವಿ)

ನೀರಿನ ಮಾತು ಬಂತು. ಹಳ್ಳ ದಾಟುವ ಮುಂಚೆ ಇಳಿದು ನಡೆದು ನೋಡಬೇಕು. ಕಾಲು ನಿಲ್ಲದ ಕಡೆ ಚಕ್ರವೂ ನಿಲ್ಲಲ್ಲ. ಬೈಕು ನೀರಲ್ಲಿ ಮುಳುಗಿ ಬಂದ್ ಆದರೆ ಸ್ಟಾರ್ಟ್ ಬಟನ್ ಒತ್ತಲೇಬೇಡಿ. ಸಿಲಿಂಡರ್ ಒಳಗೆ ನೀರು ಹೋಗಿದ್ದರೆ ಅದು ಗಾಳಿ ತರಹ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಮೊದಲು ದಡಕ್ಕೆ ತಳ್ಳಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ. ಏರ್ ಫಿಲ್ಟರ್ ನೋಡಿ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಆಯಿಲ್‌ಗೂ ನೀರು ಸೇರಿದೆ, ಬದಲಿಸದೆ ಓಡಿಸಬೇಡಿ.

ಆಸ್ಪತ್ರೆ ಅಣ್ಣಾರು ಹೇಳಿದ ಬೆಳಗಿನ ಪರೀಕ್ಷೆ ನಮ್ಮವರೂ ಮಾಡಬೇಕು. ಚೈನ್ ಸಡಿಲ, ಬ್ರೇಕ್, ಟೈರು, ಆಯಿಲ್ ಮಟ್ಟ, ನಟ್ಟು ಬೋಲ್ಟು. ಸ್ಪೋಕ್‌ಗಳನ್ನು ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಎಲ್ಲಾ ಟಣ್ ಅನ್ನಬೇಕು. ಒಂದು ಮಂದ ಸದ್ದು ಕೊಟ್ಟರೆ ಅದು ಸಡಿಲ.

ಖಾನಾಪುರ ಸವಾರ

ಕಾಗದ ಪತ್ರದ ವಿಷಯ ನಾನು ಹೇಳುತ್ತೇನೆ. ಹೊರದೇಶದಲ್ಲಿ ಓಡಿಸೋಕೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ನಮ್ಮ ಆರ್‌ಟಿಒದಲ್ಲೇ ಫಾರ್ಮ್ 4ಎ ಕೊಟ್ಟು ಪಡೆಯಬಹುದು, ಒಂದು ವರ್ಷದ ಅವಧಿ. ನಿಮ್ಮ ಲೈಸೆನ್ಸಿನಲ್ಲಿ ಗೇರ್ ಇರುವ ಬೈಕ್ ಸೇರಿರಬೇಕು. ದಕ್ಷಿಣ ಆಫ್ರಿಕಾ, ಲೆಸೊಥೊದಲ್ಲಿ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುತ್ತಾರೆ, ಅದೊಂದು ಅನುಕೂಲ.

ವಿಮೆ ಸರಿಯಾಗಿ ಓದಿ. ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಸಾಹಸ ಕ್ರೀಡೆ ಹೊರಗಿಟ್ಟಿರುತ್ತಾರೆ. ಬೆಟ್ಟದಲ್ಲಿ ಕಾಲು ಮುರಿದರೆ ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು ಯಾರದು ಅಂತ ಬರಹದಲ್ಲಿ ಕೇಳಿ.

ಇಲ್ಲಿ ದೇಣಿಗೆ ಎತ್ತುವುದಾದರೆ ದುಡ್ಡು ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ನೋಂದಣಿ ಇರುವ ಸಂಸ್ಥೆಗೆ ನೇರವಾಗಿ ಹೋಗಲಿ. 80ಜಿ ಮಾನ್ಯತೆ ಇರುವ ಇಲ್ಲಿನ ಸಂಸ್ಥೆ ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಿನಾಯಿತಿಯೂ ಸಿಗುತ್ತೆ. 2,000 ರೂಪಾಯಿ ಮೀರಿದ ನಗದಿಗೆ ಆ ವಿನಾಯಿತಿ ಇಲ್ಲ.

ಹೊಸ ಸವಾರ (ಗೋಕಾಕ)

ನಮ್ಮ ದೇಶದವರು ಡಾಕರ್‌ನಂಥ ದೊಡ್ಡ ರ‍್ಯಾಲಿಗೆ ಹೋಗಿದ್ದಾರಾ? ಕರ್ನಾಟಕದವರು ಯಾರಾದರೂ?

ಬಾದಾಮಿ ಬಂಡೆ (ಬಾಗಲಕೋಟೆ)

ಹೋಗಿದ್ದಾರೆ, ಅದು ನಮಗೆಲ್ಲ ಹೆಮ್ಮೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ಕೇರಳದ ಹರಿತ್ ನೋವಾ 2024ರಲ್ಲಿ ರ‍್ಯಾಲಿ2 ವಿಭಾಗವನ್ನೇ ಗೆದ್ದರು, ಒಟ್ಟಾರೆ 11ನೇ ಸ್ಥಾನ. ಅದೇ ವರ್ಷ ಹೀರೋ ತಂಡದ ರಾಸ್ ಬ್ರಾಂಚ್ ಎರಡನೇ ಸ್ಥಾನಕ್ಕೆ ಬಂದರು, ಅವರು ಆಫ್ರಿಕಾದ ಬೋಟ್ಸ್ವಾನಾದವರು. ಸಂತೋಷ್ ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಅಂತ ತರಬೇತಿ ಜಾಗವನ್ನೂ ಕಟ್ಟಿದರು. ನಮ್ಮ ಕಡೆ ಅಂಥದ್ದೊಂದು ಆಗಬೇಕು. ಗರಸಿನ ಬರಡು ಜಮೀನು ಇರುವವರು ಬಾಡಿಗೆಗೆ ಕೊಟ್ಟರೆ ಅವರಿಗೂ ಆದಾಯ, ಹುಡುಗರಿಗೂ ಹೊಲ ಹಾಳು ಮಾಡದೆ ಕಲಿಯೋಕೆ ಜಾಗ.

ಡೋಣಿ ದಂಡೆ ರೈತ

ಈ ಮಾತು ಮನಸ್ಸಿಗೆ ಬಂತು. ನಮ್ಮ ಊರ ಹತ್ತಿರ ನನ್ನದೇ ಸ್ವಲ್ಪ ಮರಡಿ ಇದೆ. ಗರಸು, ಕಲ್ಲು. ಜಾಲಿ ಬಿಟ್ಟರೆ ಏನೂ ಬೆಳೆಯಲ್ಲ. ಬಾಡಿಗೆ ಬೇಡ. ನೀವು ಬಂದಾಗ ಹಿಂಗಾರಿಯಲ್ಲಿ ಒಡೆದ ಒಡ್ಡು ಸರಿ ಮಾಡೋಕೆ ಕೈ ಹಚ್ಚಿದರೆ ಸಾಕು. ಆಳು ಸಿಗೋದೇ ಕಷ್ಟ ಈಗ. ಕುರಿ ಮೇಯಿಸುವವರು ಬೆಳಿಗ್ಗೆ ಅಲ್ಲಿಂದ ಹಾಯ್ದು ಹೋಗುತ್ತಾರೆ. ಅವರು ಹೋದ ಮೇಲೆ ಶುರು ಮಾಡಿ.

ಮಲಪ್ರಭಾ ದಂಡೆ (ಬೆಳಗಾವಿ)

ಕಾಕಾ, ಬರುತ್ತೇವೆ. ಸಲಿಕೆ, ಬುಟ್ಟಿ ನಾವೇ ತರುತ್ತೇವೆ. ಮೊದಲು ಒಡ್ಡು, ಆಮೇಲೆ ಬೈಕು.

ಎಲ್ಲರ ಮಾತು ಓದಿ ನಾನು ಹೀಗೆ ಮಾಡಬೇಕು ಅಂದುಕೊಂಡಿದ್ದೇನೆ. ಈ ಬೇಸಿಗೆ ಮರಡಿ ಮತ್ತು ಬಾದಾಮಿ ಕಡೆಯ ಉಸುಕು. ಮಳೆಗಾಲದಲ್ಲಿ ಖಾನಾಪುರದ ಊರ ರಸ್ತೆಗಳು. ಆಫ್ರಿಕಾ ಖರ್ಚಿಗೆ ಸ್ವಂತ ಉಳಿತಾಯ ಬೇರೆ ಖಾತೆಯಲ್ಲಿ. ದೇಣಿಗೆ ಎತ್ತೋದು ಅದರ ಜೊತೆ ಸೇರಿಸಲ್ಲ. ಆಸ್ಪತ್ರೆ ಅಣ್ಣಾ, ಮಳೆಗಾಲಕ್ಕೆ ಮುಂಚೆ ನಮ್ಮ ತಾಲೂಕುಗಳಲ್ಲಿ ಬೈಕ್ ಮೇಲೆ ಔಷಧಿ ತಲುಪಿಸೋಕೆ ಸಿದ್ಧ ಇರುವವರ ಪಟ್ಟಿ ಮಾಡಿ ತಾಲೂಕು ಆಡಳಿತಕ್ಕೆ ಕೊಡೋಣವಾ? ನನ್ನ ಹೆಸರು ಮೊದಲು ಬರೆದುಕೊಳ್ಳಿ.

ಆಸ್ಪತ್ರೆ ಡ್ಯೂಟಿ (ಬಾಗಲಕೋಟೆ)

ಖಂಡಿತ. ಬರೀ ಹೆಸರು ಸಾಲಲ್ಲ. ಊರು, ಬೈಕು, ಪ್ರಥಮ ಚಿಕಿತ್ಸೆ ಕಲಿತಿದ್ದೀರಾ ಅನ್ನೋದೂ ಬೇಕು. ಪ್ರಥಮ ಚಿಕಿತ್ಸೆ ಕಲಿಸುವ ಜವಾಬ್ದಾರಿ ನನ್ನದು. ಮರಡಿಗೆ ಬರುವಾಗ ಎಲ್ಲರೂ ಜಾಸ್ತಿ ನೀರು, ಓಆರ್‌ಎಸ್ ಪೊಟ್ಟಣ ತನ್ನಿ. ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತೆ, ಗೇರ್ ಹಾಕಿಕೊಂಡು ಬೆಳಿಗ್ಗೆ ಹತ್ತು ಗಂಟೆ ಆದಮೇಲೆ ಓಡಿಸೋದು ಬೇಡ.

ಇಳಕಲ್ಲಿನ ಅಕ್ಕ

ನಾನೂ ಬರುತ್ತೇನೆ. ನನ್ನ ಜೊತೆ ಕಲಿಯೋಕೆ ಇಬ್ಬರು ಹುಡುಗಿಯರು ಇದ್ದಾರೆ. ಅವರ ಹತ್ತಿರ ಬೈಕ್ ಇಲ್ಲ, ನನ್ನದರಲ್ಲೇ ಸರದಿ ಪ್ರಕಾರ ಓಡಿಸುತ್ತಾರೆ.

ಉದ್ಯಮಬಾಗ ಗ್ಯಾರೇಜ್ (ಬೆಳಗಾವಿ)

ಕಾಕಾ ಅವರ ಮರಡಿಯಲ್ಲಿ ಜಾಲಿ ಇದೆ ಅಂದರು, ಅಂದರೆ ಪಂಕ್ಚರ್ ಗ್ಯಾರಂಟಿ. ಎಲ್ಲರೂ 21 ಇಂಚಿನ ಒಂದು ಟ್ಯೂಬು ತನ್ನಿ. ತುರ್ತಿಗೆ ಅದನ್ನೇ ಹಿಂದಿನ 18 ಇಂಚಿನ ಟೈರಿಗೂ ಮಡಚಿ ಹಾಕಿ ಮನೆ ತಲುಪಬಹುದು, 18ರ ಟ್ಯೂಬು ಮುಂದಕ್ಕೆ ಆಗಲ್ಲ. ಟೈರ್ ಲಿವರ್ ಎರಡಲ್ಲ, ಮೂರು ಬೇಕು. ಹೊಸ ಟ್ಯೂಬು ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳಿನ ತುದಿ ತೆಗೆಯಿರಿ. ಟೈರು ಬಿಚ್ಚಿ ಹಾಕೋದು ಬರದವರು ಮೊದಲೇ ಹೇಳಿ, ಅಲ್ಲೇ ನೆರಳಿನಲ್ಲಿ ಕೂತು ಕಲಿಸುತ್ತೇನೆ.